ಪ್ರಶಸ್ತಿ ಸರಿಯಾದ ನಟಿಗೇ ಹೋಯಿತೆ?

ಶ್ರೇಷ್ಠ ನಟಿ ಪ್ರಶಸ್ತಿ ಪ್ರಕಟವಾದ ಮರುದಿನ ನಿಮ್ಮ ಮನೆಯ ಕಾಫಿಯ ಹೊತ್ತಿನಲ್ಲೂ ಒಂದು ಸಣ್ಣ ಜಗಳ ನಡೆದಿರಬಹುದು. 'ಇವರಿಗೆ ಹೇಗೆ ಕೊಟ್ಟರು?' ಎಂದು ಒಬ್ಬರು, 'ಅವರಿಗೆ ಯಾಕೆ ಕೊಡಲಿಲ್ಲ?' ಎಂದು ಇನ್ನೊಬ್ಬರು. ಅಭಿನಯವನ್ನು ತೂಗಲು ತಕ್ಕಡಿಯಿಲ್ಲ, ನಿಜ. ಆದರೆ ಆಯ್ಕೆ ನಡೆಯುವ ಬಗೆ ತಿಳಿದಿದ್ದರೆ ಈ ಜಗಳಕ್ಕೆ ಒಂದು ದಿಕ್ಕಾದರೂ ಸಿಗುತ್ತದೆ.

ಇಂದಿಗೂ ಇತ್ಯರ್ಥವಾಗದ ವ್ಯಾಜ್ಯವೊಂದನ್ನು ನೋಡಿ. 1951ರ ಮಾರ್ಚ್ 29ರಂದು ಹಾಲಿವುಡ್‌ನಲ್ಲಿ ಆಸ್ಕರ್ ಸಮಾರಂಭ. 'ಆಲ್ ಅಬೌಟ್ ಈವ್' ಚಿತ್ರದ ಬೆಟ್ಟಿ ಡೇವಿಸ್ ಮತ್ತು ಆ್ಯನ್ ಬ್ಯಾಕ್ಸ್‌ಟರ್ ಇಬ್ಬರೂ ಕಣದಲ್ಲಿದ್ದರು. 'ಸನ್‌ಸೆಟ್ ಬುಲೆವಾರ್ಡ್'ನಲ್ಲಿ ಜಗತ್ತು ಮರೆತ ಮೂಕಿಚಿತ್ರಗಳ ತಾರೆಯಾಗಿ ನಟಿಸಿದ್ದ ಗ್ಲೋರಿಯಾ ಸ್ವಾನ್‌ಸನ್ ಇದ್ದರು. ಸ್ವತಃ ಅವರೂ ಮೂಕಿಯುಗದ ತಾರೆಯೇ. 'ಕೇಜ್ಡ್' ಚಿತ್ರದ ಎಲಿನರ್ ಪಾರ್ಕರ್ ನಾಲ್ಕನೆಯವರು. ಗೆದ್ದವರು ಮಾತ್ರ ಐದನೆಯವರು: 'ಬಾರ್ನ್ ಯೆಸ್ಟರ್‌ಡೇ' ಎಂಬ ಹಾಸ್ಯಚಿತ್ರದ ಜೂಡಿ ಹಾಲಿಡೇ.

ಇದು ಹೇಗಾಯಿತು? ಅಂತಿಮ ಆಯ್ಕೆಯಲ್ಲಿ ಅಕಾಡೆಮಿಯ ಪ್ರತಿ ಸದಸ್ಯನಿಗೂ ಒಂದೇ ಮತ. ಅತಿ ಹೆಚ್ಚು ಮತ ಪಡೆದವರಿಗೆ ಪ್ರಶಸ್ತಿ. ಅರ್ಧಕ್ಕಿಂತ ಹೆಚ್ಚು ಬೇಕೆಂಬ ನಿಯಮವಿಲ್ಲ. ಒಂದು ಲೆಕ್ಕ ಊಹಿಸಿಕೊಳ್ಳಿ. ನೂರು ಮತಗಳಲ್ಲಿ ಒಬ್ಬರಿಗೆ 26. ಒಂದೇ ಚಿತ್ರದ ಇಬ್ಬರಿಗೆ 22 ಮತ್ತು 20. ಉಳಿದಿಬ್ಬರಿಗೆ 19 ಮತ್ತು 13. ಒಂದೇ ಚಿತ್ರಕ್ಕೆ ಒಲಿದ ಮತಗಳು 42, ಆದರೂ ಗೆದ್ದವರು 26ರವರು. ನಮ್ಮ ಚುನಾವಣೆಗಳಲ್ಲಿ ಮತ ಒಡೆಯುವುದನ್ನು ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಶ್ರೇಷ್ಠ ಚಿತ್ರದ ಆಯ್ಕೆಗೆ 2009ರ ಚಿತ್ರಗಳಿಂದೀಚೆಗೆ ಆದ್ಯತಾ ಮತಪದ್ಧತಿ ಬಂದಿದೆ. ನಟನಟಿಯರ ಅಂತಿಮ ಆಯ್ಕೆಗೆ ಬಂದಿಲ್ಲ.

ಆದರೆ ಮತಗಳ ಅಂಕಿಗಳನ್ನು ಅಕಾಡೆಮಿ ಪ್ರಕಟಿಸುವುದಿಲ್ಲ. ಹಾಗಾಗಿ ಡೇವಿಸ್ ಮತ್ತು ಬ್ಯಾಕ್ಸ್‌ಟರ್ ಪರಸ್ಪರರ ಮತ ಕಿತ್ತುಕೊಂಡರೆಂಬುದು ತರ್ಕವೇ ಹೊರತು ಸಾಬೀತಾದ ಸಂಗತಿಯಲ್ಲ. ಹಾಲಿಡೇ ಅವರ ಗೆಲುವು ಬರೀ ಅದೃಷ್ಟವೆನ್ನುವುದೂ ಅನ್ಯಾಯ. ಇಸ್ಪೀಟಾಟದ ಆ ದೃಶ್ಯದಲ್ಲಿ ಅವರು ಹೆಚ್ಚು ಮಾತೇ ಆಡದೆ ಎದುರಾಳಿಯನ್ನು ಸೋಲಿಸುವುದನ್ನು ನೋಡಿ. ನಗಿಸುವುದು ಅಳಿಸುವುದಕ್ಕಿಂತ ಸುಲಭವೆಂಬ ಭ್ರಮೆ ಹರಿಯುತ್ತದೆ. ಇಷ್ಟಾಗಿಯೂ ನನ್ನನ್ನು ಕೇಳಿದರೆ ನನ್ನ ಮತ ಸ್ವಾನ್‌ಸನ್‌ರಿಗೆ. ಅವರಿಗೆ ಆಸ್ಕರ್ ಕೊನೆಗೂ ದಕ್ಕಲಿಲ್ಲ.

ಇನ್ನೊಂದು ತೊಡಕು ಹಳೆಯ ಸಾಲ ತೀರಿಸುವುದು. 1934ರ 'ಆಫ್ ಹ್ಯೂಮನ್ ಬಾಂಡೇಜ್' ಚಿತ್ರದ ಅಭಿನಯಕ್ಕಾಗಿ ಡೇವಿಸ್ ಹೆಸರು ಪಟ್ಟಿಯಲ್ಲಿ ಬರಲಿಲ್ಲವೆಂದು ದೊಡ್ಡ ಗದ್ದಲವೆದ್ದಿತು. ಪಟ್ಟಿಯಲ್ಲಿಲ್ಲದ ಹೆಸರನ್ನೂ ಬರೆದು ಮತ ಹಾಕಬಹುದೆಂದು ಅಕಾಡೆಮಿ ಒಪ್ಪಿತು. ಆದರೂ ಗೆದ್ದವರು ಕ್ಲಾಡೆಟ್ ಕೋಲ್ಬೇರ್. ಮರುವರ್ಷ 'ಡೇಂಜರಸ್' ಎಂಬ ಸಾಧಾರಣ ಚಿತ್ರಕ್ಕೆ ಡೇವಿಸ್‌ಗೆ ಪ್ರಶಸ್ತಿ ಬಂತು. ಅದು ಹಿಂದಿನ ವರ್ಷದ ಬಾಕಿಯೆಂದು ಆಗಲೇ ಹಲವರು ಆಡಿಕೊಂಡರು. ಬಾಕಿ ತೀರಿಸಿದಾಗ ಆ ವರ್ಷದ ಅರ್ಹರೊಬ್ಬರಿಗೆ ಹೊಸ ಬಾಕಿ ಹುಟ್ಟುತ್ತದೆ!

ನಮ್ಮ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯ ದಾರಿ ಬೇರೆ. ಇಲ್ಲಿ ಸಾವಿರಾರು ಮತಗಳಿಲ್ಲ. ತೀರ್ಪುಗಾರರ ಚಿಕ್ಕ ಮಂಡಳಿ ಚಿತ್ರಗಳನ್ನು ನೋಡಿ, ಕುಳಿತು ಚರ್ಚಿಸಿ ನಿರ್ಧರಿಸುತ್ತದೆ. ಪ್ರಚಾರದ ಬಲವಿಲ್ಲದ ನಟಿಗೆ ಇದು ಅನುಕೂಲ. ಗಿರೀಶ್ ಕಾರ್ನಾಡರ 'ಕಾಡು' (1973) ಚಿತ್ರದ ಕಮಲಿಯಾಗಿ ನಟಿಸಿದ ನಂದಿನಿ ಭಕ್ತವತ್ಸಲ ಅವರು ದೊಡ್ಡ ತಾರೆಯಾಗಿರಲಿಲ್ಲ; ಆದರೂ ಕನ್ನಡಕ್ಕೆ ಮೊದಲ ಶ್ರೇಷ್ಠ ನಟಿ ಪ್ರಶಸ್ತಿ ತಂದರು. ಮುಂದೆ 'ಹಸೀನಾ'ಕ್ಕೆ (2004) ತಾರಾ, 'ಗುಲಾಬಿ ಟಾಕೀಸ್'ಗೆ (2007) ಉಮಾಶ್ರೀ ಗೆದ್ದರು. ಎರಡೂ ಗಿರೀಶ್ ಕಾಸರವಳ್ಳಿಯವರ ಚಿತ್ರಗಳು. ಜನಪ್ರಿಯ ಮತದಾನದಲ್ಲಿ ಈ ಮೂವರ ಹೆಸರು ಅಂತಿಮ ಪಟ್ಟಿಯವರೆಗೆ ಬರುತ್ತಿತ್ತೆ ಎಂಬುದೇ ನನ್ನ ಅನುಮಾನ.

ಮಂಡಳಿಗೂ ಅದರದೇ ಮಿತಿಯುಂಟು. ಕೆಲವೇ ಜನರ ಅಭಿರುಚಿ ಇಡೀ ದೇಶದ ತೀರ್ಪಾಗಿಬಿಡುತ್ತದೆ. ಮುಂದಿನ ವರ್ಷ ಮಂಡಳಿ ಬದಲಾದರೆ ಅಳತೆಗೋಲೂ ಬದಲಾಗಬಹುದು. ಮುಂದಿನ ಸಲ ಕಾಫಿಯ ಹೊತ್ತಿನಲ್ಲಿ ಮಾತು ಬಿಸಿಯೇರಿದಾಗ, ಸೋತ ನಟಿಯ ಚಿತ್ರವನ್ನು ನೋಡಿದವರು ಎಷ್ಟು ಮಂದಿ ಎಂದು ಮೊದಲು ಕೇಳಿ ನೋಡಿ.