ನಿಮಗಿದು ಗೊತ್ತೆ? ಒಡೆದ ಹಾಲಿನ ನೀರೂ ಇಲಿಯ ಗಾಯವೂ

ಹಾಲನ್ನೊಡೆದು ಗಟ್ಟಿಯನ್ನು ಬಟ್ಟೆಯಲ್ಲಿ ಸೋಸಿಕೊಂಡ ಮೇಲೆ, ನಿರುಪಯುಕ್ತವೆಂದು ನಾವು ಬಚ್ಚಲಿಗೆ ಚೆಲ್ಲುವ ಆ ತಿಳಿಹಳದಿ ನೀರಿನಲ್ಲಿರುವ ಪ್ರೋಟೀನು, ಮಧುಮೇಹಪೀಡಿತವಾದ ಇಲಿಗಳ ಮೈಮೇಲಣ ಗಾಯವನ್ನು ಶೀಘ್ರವಾಗಿ ಮಾಯಿಸಿತೆಂಬುದು ಪ್ರಯೋಗಶಾಲೆಯಲ್ಲಿ ಕಂಡ ಸಂಗತಿ.

ಈ ಇಲಿಗಳು ಹುಟ್ಟುರೋಗಿಗಳಲ್ಲ. ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ದೊರೆತ ಸ್ಟ್ರೆಪ್ಟೊಜೊಟೊಸಿನ್ ಎಂಬ ದ್ರವ್ಯವನ್ನು ಚುಚ್ಚಿ, ಅವುಗಳ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಸ್ರವಿಸುವ ಬೀಟಾ ಜೀವಕೋಶಗಳನ್ನು ನಾಶಗೊಳಿಸಿ, ರೋಗವನ್ನು ಬುದ್ಧಿಪೂರ್ವಕವಾಗಿಯೇ ತರಿಸಲಾಗಿತ್ತು. ಪಾಪ, ಇಲಿಯ ಒಪ್ಪಿಗೆಯನ್ನು ಕೇಳಿದವರಾರು!

ಹಸುವಿನ ಹಾಲಿನ ಪ್ರೋಟೀನಿನಲ್ಲಿ ಗಟ್ಟಿಯಲ್ಲುಳಿಯುವ ಕೇಸೀನಿನ ಪಾಲೇ ಶೇಕಡ 80ರಷ್ಟು, ಈ ನೀರಿನದು ಸುಮಾರು 20 ಮಾತ್ರ. ಆದರೂ ಸಿಸ್ಟೀನ್ ಎಂಬ ಅಮೈನೋ ಆಮ್ಲವು ಕೇಸೀನಿಗಿಂತ ಇದರಲ್ಲಿಯೇ ಹೇರಳವಾಗಿರುವುದರಿಂದ, ದೇಹವು ಅದನ್ನು ಬಳಸಿ ಗ್ಲುಟಾಥಯೋನ್ ಎಂಬ ರಕ್ಷಕವಸ್ತುವನ್ನು ನಿರ್ಮಿಸಿಕೊಂಡು, ರಕ್ತದಲ್ಲಿ ಸಕ್ಕರೆ ಮಿತಿಮೀರಿದಾಗ ಅಂಗಾಂಶಕ್ಕೊದಗುವ ಉತ್ಕರ್ಷಣದ ಹಾನಿಯನ್ನೂ, ಗಾಯವನ್ನು ಆರಗೊಡದೆ ಕಾಡುವ ಉರಿಯೂತವನ್ನೂ ತಗ್ಗಿಸುವುದೆಂದು ತಜ್ಞರು ಭಾವಿಸುತ್ತಾರೆ. ಮನುಷ್ಯರ ವಿಷಯದಲ್ಲಿ ಅಷ್ಟು ನಿಶ್ಚಯವಾಗಿ ನುಡಿಯಲು ಇನ್ನೂ ಆಧಾರ ಸಾಲದು.

ಒಂಟೆಯ ಹಾಲಿನಿಂದ ತೆಗೆದ ಇದೇ ಬಗೆಯ ಪ್ರೋಟೀನಿನಿಂದಲೂ ಮಧುಮೇಹಿ ಇಲಿಗಳ ಗಾಯ ಬೇಗ ಕೂಡಿಕೊಂಡಿದೆ.