‘8ಡಿ’ ಹಾಡನ್ನು ಕಿವಿ ಬಿಟ್ಟು ಮಿದುಳೇ ಕೇಳುತ್ತದೆಯೇ? ಮಮದಾಪುರದಿಂದ ಬಂದ ಒಂದು ಫಾರ್ವರ್ಡ್‌ನ ಅಸಲಿಯತ್ತು

ಗೋಕಾಕ ತಾಲ್ಲೂಕಿನ ಮಮದಾಪುರದ ಓದುಗರೊಬ್ಬರು ಇತ್ತೀಚೆಗೆ ನಮ್ಮ ವಾಟ್ಸ್‌ಆ್ಯಪ್ ಸಂಖ್ಯೆಗೆ ಒಂದು ಆಡಿಯೋ ಫೈಲ್ ಕಳಿಸಿದರು. ಹಳೆಯ ಕನ್ನಡ ಸಿನಿಮಾ ಹಾಡು. ಅದರ ಜೊತೆ ಬಂದ ಸಂದೇಶದ ಸಾರ ಇಷ್ಟು: ಇದು 8ಡಿ ತಂತ್ರಜ್ಞಾನದ ಹಾಡು, ಹೆಡ್‌ಫೋನ್ ಹಾಕಿಕೊಂಡೇ ಕೇಳಬೇಕು. ಇದನ್ನು ಕಿವಿ ಕೇಳುವುದಿಲ್ಲ, ನೇರವಾಗಿ ಮಿದುಳೇ ಕೇಳುತ್ತದೆ. ಹಾಗಾಗಿ ಎಷ್ಟು ಜೋರಾಗಿ ಇಟ್ಟರೂ ಕಿವಿಗೆ ತೊಂದರೆ ಇಲ್ಲ. ದಿನಾ ಕೇಳಿದರೆ ಕಿವಿಯೊಳಗೆ ಗುಂಯ್‌ಗುಡುವುದು ವಾಸಿಯಾಗುತ್ತದೆ. ಹತ್ತು ಜನಕ್ಕೆ ಕಳಿಸಿ.

ಕೆಳಗೆ ಅವರದೇ ಪ್ರಶ್ನೆ ಇತ್ತು: “ನಮ್ಮ ತಮ್ಮ ಕಬ್ಬಿನ ಟ್ರ್ಯಾಕ್ಟರ್ ಹೊಡೀತಾನ್ರೀ. ಸೀಜನ್ ಮುಗದ ಮ್ಯಾಲೆ ಕಿವ್ಯಾಗ ಗುಂಯ್ ಅಂತೈತಿ ಅಂತಾನ. ಈಗ ಇದನ್ನ ಫುಲ್ ಸೌಂಡ್ ಇಟ್ಕೊಂಡು ರಾತ್ರಿ ಮಲಗಾಕತ್ತಾನ. ಇದು ಖರೇ ಐತೇನ್ರೀ?”

ಖರೆ ಅಲ್ಲ. ಫುಲ್ ಸೌಂಡ್ ಇಟ್ಟುಕೊಂಡು ಮಲಗುವುದನ್ನು ಇವತ್ತೇ ನಿಲ್ಲಿಸಲಿ ಎಂದು ಅವರಿಗೆ ಕೂಡಲೇ ಉತ್ತರ ಕೊಟ್ಟೆವು. ಯಾಕೆ ಅನ್ನುವುದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುತ್ತೇವೆ, ಏಕೆಂದರೆ ಇದೇ ಸಂದೇಶ ಬೇರೆ ಬೇರೆ ಹಾಡುಗಳ ಜೊತೆ, ಇಂಗ್ಲಿಷ್‌ನಲ್ಲೂ ಕನ್ನಡದಲ್ಲೂ ವರ್ಷಗಳಿಂದ ಸುತ್ತುತ್ತಿದೆ.

ಎಂಟು ಆಯಾಮ ಎಲ್ಲಿವೆ?

ಆ ಫೈಲನ್ನು ನಾವು ಕಂಪ್ಯೂಟರಿನಲ್ಲಿ ಉಚಿತವಾಗಿ ಸಿಗುವ ಒಂದು ಆಡಿಯೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ತೆರೆದು ನೋಡಿದೆವು. ಒಳಗಿದ್ದದ್ದು ಎರಡೇ ಚಾನೆಲ್, ಎಡ ಮತ್ತು ಬಲ. ಎಂಟಲ್ಲ. ಎಡಗಡೆಯ ಧ್ವನಿ ಮೆಲ್ಲಗೆ ಇಳಿಯುತ್ತಾ ಹೋದಂತೆ ಬಲಗಡೆಯದು ಏರುತ್ತದೆ, ಸ್ವಲ್ಪ ಹೊತ್ತಿಗೆ ತಿರುಗಾಮುರುಗಾ. ಇಡೀ ಹಾಡಿನುದ್ದಕ್ಕೂ ಇದೇ ಆಟ. ಇದಕ್ಕೆ ಪ್ಯಾನಿಂಗ್ ಎನ್ನುತ್ತಾರೆ. ಮೇಲೆ ಒಂದಿಷ್ಟು ರಿವರ್ಬ್ ಸುರಿದಿದ್ದರು, ಅಂದರೆ ಪಾಳು ಬಾವಿಯೊಳಗೆ ಕೂಗಿದಾಗ ಬರುವಂಥ ಗುಂಗು. ಯಾವ ಹಾಡನ್ನಾದರೂ ಕೆಲವೇ ನಿಮಿಷಗಳಲ್ಲಿ ಹೀಗೆ ಮಾಡಬಹುದು. ನಾವೂ ಮಾಡಿ ನೋಡಿದೆವು, ಕಷ್ಟವೇನೂ ಆಗಲಿಲ್ಲ.

ಹಾಡು ತಲೆಯ ಸುತ್ತ ತಿರುಗಿದಂತೆ ಅನ್ನಿಸುವುದು ಸುಳ್ಳಲ್ಲ. ನಮ್ಮ ಎರಡು ಕಿವಿಗಳ ನಡುವೆ ತಲೆ ಇದೆ. ಬಲಗಡೆಯಿಂದ ಬಂದ ಶಬ್ದ ಬಲಗಿವಿಗೆ ಮೊದಲು ತಲುಪುತ್ತದೆ, ತಲೆಯನ್ನು ಸುತ್ತಿ ಎಡಗಿವಿಗೆ ಹೋಗುವಾಗ ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ, ಸುಮಾರು 0.6 ಮಿಲಿಸೆಕೆಂಡು ತಡವಾಗುತ್ತದೆ. ತಲೆ ಅಡ್ಡ ಇರುವುದರಿಂದ ಆ ಕಡೆ ಸದ್ದು ಕೊಂಚ ಕುಂದಿರುತ್ತದೆ ಕೂಡ. ಇಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿದು ‘ಶಬ್ದ ಬಲಗಡೆಯಿಂದ ಬಂತು’ ಎಂದು ಮಿದುಳು ಲೆಕ್ಕ ಹಾಕುತ್ತದೆ. ಹಿಂದಿನಿಂದ ಬೈಕು ಬಂದರೆ ತಿರುಗಿ ನೋಡದೆಯೇ ಯಾವ ಕಡೆ ಸರಿಯಬೇಕೆಂದು ನಮಗೆ ತಿಳಿಯುವುದು ಹೀಗೆ. ಹೆಡ್‌ಫೋನಿನಲ್ಲಿ ಒಂದೊಂದು ಕಿವಿಗೂ ಬೇರೆ ಬೇರೆ ಸದ್ದು ಕೊಟ್ಟು ಈ ಲೆಕ್ಕವನ್ನೇ ದಾರಿ ತಪ್ಪಿಸಬಹುದು. ಬ್ರಿಟನ್ನಿನ ಎಂಜಿನಿಯರ್ ಆ್ಯಲನ್ ಬ್ಲೂಮ್‌ಲೀನ್ ಸ್ಟೀರಿಯೋ ಧ್ವನಿಗೆ ಪೇಟೆಂಟ್ ಅರ್ಜಿ ಹಾಕಿದ್ದು 1931ರಲ್ಲಿ. ‘ಹೊಸ ತಂತ್ರಜ್ಞಾನ’ಕ್ಕೆ ತೊಂಬತ್ತು ವರ್ಷ ದಾಟಿದೆ.

ಇನ್ನು ‘ಮಿದುಳೇ ಕೇಳುತ್ತದೆ’ ಅನ್ನುವ ಮಾತು. ಎಲ್ಲ ಹಾಡನ್ನೂ ಕೊನೆಗೆ ಕೇಳುವುದು ಮಿದುಳೇ, ಪಕ್ಕದ ಮನೆಯ ಮಿಕ್ಸರ್ ಸದ್ದನ್ನೂ ಸಹ. ಆದರೆ ಅಲ್ಲಿಗೆ ಹೋಗುವ ದಾರಿ ಕಿವಿಯದೇ. ತಮಟೆ ಕಂಪಿಸಬೇಕು, ಒಳಗಿವಿಯ ಶಂಖದಂಥ ಭಾಗದಲ್ಲಿರುವ ಸೂಕ್ಷ್ಮ ರೋಮಕೋಶಗಳು ಅಲುಗಬೇಕು, ಆಮೇಲಷ್ಟೇ ನರದ ಮೂಲಕ ಸಂಕೇತ ಹೋಗುತ್ತದೆ. 8ಡಿ ಹಾಡಿಗೆ ಅಂತ ಬೇರೆ ಓಣಿ ಇಲ್ಲ.

ಹಾಗಾದರೆ ಕೆಲವು ಹಾಡು ಅಷ್ಟು ‘ದೊಡ್ಡದಾಗಿ’ ಕೇಳುವುದು ಯಾಕೆ?

ಇದು ಒಳ್ಳೆಯ ಪ್ರಶ್ನೆ, ಮತ್ತು ಇದಕ್ಕೂ ಆಯಾಮದ ಸಂಖ್ಯೆಗೂ ಸಂಬಂಧವಿಲ್ಲ.

1960ರ ದಶಕದ ಆರಂಭದಲ್ಲಿ ಅಮೆರಿಕದ ನಿರ್ಮಾಪಕ ಫಿಲ್ ಸ್ಪೆಕ್ಟರ್ ಲಾಸ್ ಏಂಜಲೀಸಿನ ಗೋಲ್ಡ್ ಸ್ಟಾರ್ ಸ್ಟುಡಿಯೋದಲ್ಲಿ ಒಂದು ವಿಚಿತ್ರ ಕ್ರಮ ಹಿಡಿದ. ಒಂದು ಗಿಟಾರ್ ಸಾಕಾಗುವ ಕಡೆ ಮೂರು ನಾಲ್ಕು ಗಿಟಾರ್, ಒಂದಕ್ಕಿಂತ ಹೆಚ್ಚು ಪಿಯಾನೋ, ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಒಂದೇ ಸ್ವರ ನುಡಿಸುವುದು. ಆ ಸದ್ದನ್ನು ಎಕೋ ಚೇಂಬರ್ ಎಂಬ ಖಾಲಿ ಕೋಣೆಯ ಸ್ಪೀಕರಿಗೆ ಬಿಟ್ಟು, ಗೋಡೆಗಳಿಗೆ ಬಡಿದು ಬಂದ ಪ್ರತಿಧ್ವನಿಯನ್ನು ಮೈಕಿನಲ್ಲಿ ಹಿಡಿದು ಮತ್ತೆ ಹಾಡಿಗೆ ಬೆರೆಸುವುದು. 1963ರ ‘ಬಿ ಮೈ ಬೇಬಿ’ ಹೀಗೆ ತಯಾರಾದದ್ದು. ಈ ಶೈಲಿಗೆ ‘ವಾಲ್ ಆಫ್ ಸೌಂಡ್’ ಎಂದೇ ಹೆಸರು ಬಿತ್ತು. ನಮಗೆ ಇಷ್ಟವಾದ ಸಂಗತಿ ಏನೆಂದರೆ, ಸದ್ದಿನ ಈ ಮಹಾಗೋಡೆ ಮೋನೋ. ಒಂದೇ ಚಾನೆಲ್! ಆ ಕಾಲದ ಹುಡುಗ ಹುಡುಗಿಯರು ಹಾಡು ಕೇಳುತ್ತಿದ್ದದ್ದು ಕಾರಿನ ಸಣ್ಣ ರೇಡಿಯೋದಲ್ಲಿ, ಜೂಕ್‌ಬಾಕ್ಸಿನಲ್ಲಿ. ಅಲ್ಲಿ ದೊಡ್ಡದಾಗಿ ಕೇಳಬೇಕೆಂದೇ ಸ್ಪೆಕ್ಟರ್ ಲೆಕ್ಕ ಹಾಕಿದ್ದ.

ಒಂದೇ ಸ್ವರವನ್ನು ಹಲವರು ನುಡಿಸಿದರೆ ಬರೀ ಸದ್ದು ಹೆಚ್ಚುವುದಿಲ್ಲ. ಇಬ್ಬರು ಎಷ್ಟೇ ಒಟ್ಟಿಗೆ ಹಾಡಿದರೂ ಕೂದಲೆಳೆಯಷ್ಟು ಹಿಂದೆ ಮುಂದೆ ಆಗುತ್ತದೆ, ಶ್ರುತಿ ಚೂರು ಆಚೀಚೆ ಇರುತ್ತದೆ. ಆ ವ್ಯತ್ಯಾಸಗಳನ್ನೇ ಮಿದುಳು ‘ಇಲ್ಲಿ ಗುಂಪಿದೆ’ ಎಂದು ಓದುತ್ತದೆ. ಗೀಗೀ ಪದದಲ್ಲಿ ಹಿಮ್ಮೇಳದವರು ದನಿಗೂಡಿಸಿದ ಕೂಡಲೇ ಹಾಡು ಅಗಲವಾದಂತೆ ಅನ್ನಿಸುವುದು, ಕರಡಿ ಮಜಲಿನಲ್ಲಿ ಹಲವು ಕರಡಿಗಳು ಒಟ್ಟಿಗೆ ಬಿದ್ದಾಗ ಎದೆ ಝಲ್ಲೆನ್ನುವುದು ಇದೇ ಕಾರಣಕ್ಕೆ.

ಟೇಪಿನ ಮೇಲೆ ಪದರ ಪದರವಾಗಿ ಧ್ವನಿಮುದ್ರಿಸುವ ಸೌಲಭ್ಯ ಬಂದ ಮೇಲಂತೂ ಸ್ಟುಡಿಯೋದವರಿಗೆ ಹಬ್ಬ. 1967ರಲ್ಲಿ ಬೀಟಲ್ಸ್ ತಂಡ ‘ಎ ಡೇ ಇನ್ ದಿ ಲೈಫ್’ ಹಾಡಿಗಾಗಿ 40 ವಾದ್ಯಗಾರರನ್ನು ಕರೆಸಿ, ಅವರ ವಾದನವನ್ನು ನಾಲ್ಕು ಸಲ ಮುದ್ರಿಸಿ ಒಂದರ ಮೇಲೊಂದು ಇಟ್ಟಿತು. ಕೇಳುವವರಿಗೆ 160 ಜನ ಕೂತು ನುಡಿಸಿದ ಹಾಗೆ. 1975ರಲ್ಲಿ ಕ್ವೀನ್ ತಂಡದ ‘ಬೊಹೀಮಿಯನ್ ರ‍್ಯಾಪ್ಸೊಡಿ’ಯ ಕೋರಸ್ ಭಾಗವನ್ನು ಹಾಡಿದ್ದು ಮೂರೇ ಮಂದಿ, ಫ್ರೆಡ್ಡಿ ಮರ್ಕ್ಯುರಿ, ಬ್ರಯಾನ್ ಮೇ, ರೋಜರ್ ಟೇಲರ್. ಮತ್ತೆ ಮತ್ತೆ ಹಾಡಿ ಪದರ ಕೂಡಿಸಿದ್ದಕ್ಕೆ ಟೇಪೇ ಸವೆಯತೊಡಗಿತ್ತು. ಆಡಂಬರ ಅತಿಯಾಯಿತು ಎನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನಮ್ಮ ಮಟ್ಟಿಗೆ, ಕೆಲವು ಹಾಡಿಗೆ ಅತಿಯೇ ಅಂದ.

ನಮ್ಮಲ್ಲಿ ಇಂಥ ಧಾರಾಳತನದ ನೆನಪು ಬಂದರೆ ಮೊದಲು ಕಣ್ಣೆದುರು ಬರುವುದು 1987ರ ‘ಪ್ರೇಮಲೋಕ’. ರವಿಚಂದ್ರನ್ ಚಿತ್ರ, ಸಾಹಿತ್ಯ ಸಂಗೀತ ಎರಡೂ ಹಂಸಲೇಖ. ಮಾತೇ ಹಾಡಾಗಿ, ಹಾಡೇ ಮಾತಾಗಿ ಕಥೆ ಸಾಗುತ್ತದೆ. ಕೋರಸ್, ಡ್ರಮ್ಸ್, ಕೀಬೋರ್ಡ್, ವಯಲಿನ್‌ಗಳು ಒಬ್ಬರನ್ನೊಬ್ಬರು ತಳ್ಳಿಕೊಂಡು ಮುಂದೆ ಬರುತ್ತವೆ. ಆ ಕ್ಯಾಸೆಟ್‌ನ್ನು ನಮ್ಮ ಹಳ್ಳಿಗಳಲ್ಲಿ ಎಷ್ಟೋ ಜನ ಕೇಳಿದ್ದು ಒಂದೇ ಸ್ಪೀಕರಿನ ಟೇಪ್ ರೆಕಾರ್ಡರಿನಲ್ಲಿ. ಆದರೂ ಅದು ಸಣ್ಣದಾಗಿ ಕೇಳಲಿಲ್ಲ. ದೊಡ್ಡತನ ಇದ್ದದ್ದು ವಾದ್ಯ ಸಂಯೋಜನೆಯಲ್ಲಿ, ಎಡಬಲದಲ್ಲಿ ಅಲ್ಲ.

8ಡಿ ಮಾಡುವವರು ಕೆಡಿಸುವುದು ಇದನ್ನೇ. ಧ್ವನಿಮುದ್ರಣದ ಎಂಜಿನಿಯರು ಗಾಯಕರ ದನಿಯನ್ನು ನಡುವೆ ನಿಲ್ಲಿಸಿ, ಗಿಟಾರನ್ನು ಒಂದು ಬದಿಗೆ, ಕೋರಸ್ಸನ್ನು ಅಕ್ಕಪಕ್ಕಕ್ಕೆ ಹರಡಿ ಒಂದು ವೇದಿಕೆಯನ್ನೇ ಕಟ್ಟಿರುತ್ತಾರೆ. 8ಡಿ ಫೈಲಿನಲ್ಲಿ ಆ ಇಡೀ ವೇದಿಕೆಯನ್ನು ಗಂಟು ಕಟ್ಟಿ ಗಿರಗಿಟ್ಟಲೆಯ ಹಾಗೆ ತಿರುಗಿಸುತ್ತಾರೆ. ಮಜಾ ಅನ್ನಿಸಿದರೆ ಮೆಲುದನಿಯಲ್ಲಿ ಕೇಳಿ, ತಪ್ಪೇನಿಲ್ಲ. ಸಿನಿಮಾ ಮಂದಿರಗಳ ಡಾಲ್ಬಿ ಅಟ್ಮಾಸ್ ಇದಲ್ಲ ಎಂಬುದಷ್ಟೇ ಗೊತ್ತಿರಲಿ. 2012ರಲ್ಲಿ ಬಂದ ಆ ವ್ಯವಸ್ಥೆಯಲ್ಲಿ ಒಂದೊಂದು ಸದ್ದಿಗೂ ಅದರ ಜಾಗವನ್ನು ಪ್ರತ್ಯೇಕವಾಗಿ ಗೊತ್ತು ಮಾಡುತ್ತಾರೆ, ತಲೆಯ ಮೇಲೂ ಸ್ಪೀಕರ್‌ಗಳಿರುತ್ತವೆ.

ಟ್ರ್ಯಾಕ್ಟರ್, ಡಿಜೆ ಮತ್ತು ಗುಂಯ್ ಅನ್ನುವ ಕಿವಿ

ಈಗ ತಮ್ಮನ ವಿಷಯ. ಬೆಳಗಾವಿ, ಬಾಗಲಕೋಟೆ ಕಡೆ ಕಬ್ಬು ಕಡಿಯುವ ಕಾಲದಲ್ಲಿ ರಸ್ತೆಗೆ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರಡು ಟ್ರೇಲರ್ ತುಂಬ ಕಬ್ಬು, ಎಂಜಿನ್ ಮೇಲೆ ಹೂವಿನ ಹಾರ, ಡ್ರೈವರನ ಹಿಂದೆ ಮುಂದೆ ಸ್ಪೀಕರ್ ಪೆಟ್ಟಿಗೆ. ಬರುವ ಹಾಡೂ ಅದಕ್ಕೆಂದೇ ತಯಾರಾದದ್ದು. ಬೆಳಗಾವಿ ಜಿಲ್ಲೆಯ ಗಾಯಕ ಮಾಳು ನಿಪನಾಳ ಹಾಡಿದ ‘ನಾ ಡ್ರೈವರಾ’ದಂಥ ಜನಪದ ಶೈಲಿಯ ಹಾಡುಗಳ ಡಿಜೆ ರೂಪಗಳಲ್ಲಿ ಬೇಸ್ ಎಂಜಿನ್ ಸದ್ದನ್ನೂ ಮೀರಿ ಕೇಳಬೇಕು, ದನಿ ಅರ್ಧ ಕಿಲೋಮೀಟರ್ ಮುಂದೆ ಹೋಗಬೇಕು. ಸ್ಪೆಕ್ಟರ್ ಕಾರ್ ರೇಡಿಯೋಗೆ ಹಾಡು ಮಾಡಿದ, ಇವರು ಟ್ರ್ಯಾಕ್ಟರಿಗೆ ಮಾಡುತ್ತಾರೆ. ಹಾಡಿನ ಬಗ್ಗೆ ನಮ್ಮ ತಕರಾರಿಲ್ಲ. ಆ ಪೆಟ್ಟಿಗೆಗಳಿಗೆ ಎಲ್ಲರಿಗಿಂತ ಹತ್ತಿರ ಕೂತಿರುವುದು ಡ್ರೈವರನ ಕಿವಿ, ಅದೂ ದಿನಕ್ಕೆ ಹತ್ತು ಹನ್ನೆರಡು ತಾಸು.

ಕ್ಯಾಬಿನ್ ಇಲ್ಲದ ಟ್ರ್ಯಾಕ್ಟರಿನ ಎಂಜಿನ್ ಸದ್ದೊಂದೇ ಚಾಲಕನ ಕಿವಿಯ ಬಳಿ 85 ಡೆಸಿಬಲ್ ದಾಟುವುದು ಸಾಮಾನ್ಯ. ಕೆಲಸದ ಜಾಗದ ಸದ್ದಿಗೆ ತಜ್ಞರು ಬಳಸುವ ಲೆಕ್ಕ ಹೀಗಿದೆ: 85 ಡೆಸಿಬಲ್ ಆದರೆ ದಿನಕ್ಕೆ 8 ತಾಸು, ಅದರಾಚೆ ಪ್ರತಿ 3 ಡೆಸಿಬಲ್‌ಗೆ ಅವಧಿ ಅರ್ಧಕ್ಕೆ ಇಳಿಯುತ್ತದೆ. 88ಕ್ಕೆ 4 ತಾಸು, 94ಕ್ಕೆ 1 ತಾಸು, 100ಕ್ಕೆ ಬರೀ 15 ನಿಮಿಷ. ಡೆಸಿಬಲ್ ಲೆಕ್ಕ ನಮ್ಮ ಸಾಮಾನ್ಯ ಕೂಡು-ಕಳೆ ಲೆಕ್ಕದಂತಲ್ಲ. 3 ಹೆಚ್ಚಿತೆಂದರೆ ಶಬ್ದದ ಶಕ್ತಿ ಎರಡು ಪಟ್ಟಾಯಿತು ಎಂದರ್ಥ. ಅದಕ್ಕೇ ‘ಒಂಚೂರು ಜಾಸ್ತಿ ಇಟ್ಟೆ’ ಅನ್ನುವ ಮಾತು ಮೋಸ ಮಾಡುತ್ತದೆ. ಫೋನಿನ ಇಯರ್‌ಫೋನನ್ನು ಪೂರ್ತಿ ಏರಿಸಿದರೂ ಸದ್ದು 100 ಡೆಸಿಬಲ್ ತಲುಪಬಹುದು. ಹಗಲೆಲ್ಲ ಟ್ರ್ಯಾಕ್ಟರ್, ರಾತ್ರಿಯೆಲ್ಲ ಫುಲ್ ಸೌಂಡ್ 8ಡಿ ಅಂದರೆ ಕಿವಿಗೆ ಬಿಡುವೇ ಇಲ್ಲ.

ಒಳಗಿವಿಯಲ್ಲಿ ಇರುವುದು ಸುಮಾರು 15 ಸಾವಿರ ರೋಮಕೋಶಗಳು ಮಾತ್ರ. ಜೋರು ಸದ್ದಿಗೆ ಅವು ಮೊದಲು ಬಾಗುತ್ತವೆ, ಬಿಡುವು ಸಿಕ್ಕರೆ ಸುಧಾರಿಸಿಕೊಳ್ಳುತ್ತವೆ. ಜಾತ್ರೆಯ ಮರುದಿನ ಕಿವಿ ಮಂದವಾಗಿದ್ದು ಆಮೇಲೆ ಸರಿಹೋಗುವುದು ಅದರಿಂದ. ಬಿಡುವು ಸಿಗದೆ ಸತ್ತವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಗುಂಯ್ ಅನ್ನುವುದಕ್ಕೆ ವೈದ್ಯರು ಟಿನ್ನಿಟಸ್ ಎನ್ನುತ್ತಾರೆ. ಕಾರಣ ಹಲವು ಇರಬಹುದು, ಕಿವಿಯಲ್ಲಿ ಗುಗ್ಗೆ ಕಟ್ಟಿಕೊಂಡಿದ್ದರೂ ಬರುತ್ತದೆ. ಜೋರು ಸದ್ದು ದೊಡ್ಡ ಕಾರಣಗಳಲ್ಲಿ ಒಂದು. ಸಣ್ಣ ದನಿಯಲ್ಲಿ ಬೇರೆ ಸದ್ದು ಹಾಕಿಕೊಂಡರೆ ಕೆಲವರಿಗೆ ಗುಂಯ್ ಮರೆಯಾದಂತೆ ಅನ್ನಿಸುವುದು ನಿಜ, ವೈದ್ಯರೂ ಆ ಉಪಾಯ ಬಳಸುತ್ತಾರೆ. ತಮ್ಮನಿಗೆ ‘ಆರಾಮ ಅನ್ನಸತೈತಿ’ ಎಂದು ತೋರಿದ್ದರೆ ಅದೇ ಕಾರಣ ಇದ್ದೀತು. ಮರೆಯಾಗುವುದು ಬೇರೆ, ವಾಸಿಯಾಗುವುದು ಬೇರೆ. ಜೋರಾಗಿ ಹಾಕಿಕೊಂಡರೆ ರೋಗಕ್ಕೆ ಕಾರಣವಾದದ್ದನ್ನೇ ಮದ್ದು ಅಂತ ಕುಡಿದ ಹಾಗೆ.

ಗುಂಯ್ ಒಂದೆರಡು ದಿನದಲ್ಲಿ ಹೋಗದಿದ್ದರೆ, ಎದುರಿನವರ ಮಾತು ಗದ್ದಲದಲ್ಲಿ ತಿಳಿಯದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಲ್ಲಿ ಶ್ರವಣ ಪರೀಕ್ಷೆ ಮಾಡಿಸಬೇಕು. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಕಾಯಬೇಡಿ, ಅದೇ ದಿನ ಹೋಗಿ. ಅದಕ್ಕೆ ಮೊದಲ ಎರಡು ವಾರದೊಳಗೆ ಶುರುವಾದ ಚಿಕಿತ್ಸೆಗೇ ಹೆಚ್ಚು ಬೆಲೆ. ಕಿವಿಗೆ ಎಣ್ಣೆ ಬಿಡುತ್ತಾ ಕೂತರೆ ಆ ದಿನಗಳು ಕಳೆದುಹೋಗುತ್ತವೆ. ಹಾಡು ಕೇಳುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ವಾರಕ್ಕೆ 40 ತಾಸು, 80 ಡೆಸಿಬಲ್. ಅಳೆಯುವ ಯಂತ್ರ ಇಲ್ಲದಿದ್ದರೆ ಫೋನಿನ ಸದ್ದನ್ನು 60 ಶೇಕಡಾ ದಾಟಿಸದಿದ್ದರೆ ಆಯಿತು.

ನೀವೇ ಪರೀಕ್ಷಿಸಿ

ನಮ್ಮ ಮಾತನ್ನು ನಂಬಲೇಬೇಕೆಂದಿಲ್ಲ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಎಂಬ ವಿಭಾಗವಿದೆ, ಅದರೊಳಗೆ ‘ಮೋನೋ ಆಡಿಯೋ’ ಎಂಬ ಆಯ್ಕೆ ಸಿಗುತ್ತದೆ. ಒಂದು ಕಿವಿ ಕೇಳದವರಿಗೆ ಹಾಡಿನ ಅರ್ಧ ಭಾಗ ತಪ್ಪಿಹೋಗದಿರಲಿ ಎಂದು ಇಟ್ಟ ಸೌಲಭ್ಯ ಅದು. ಅದನ್ನು ಆನ್ ಮಾಡಿ, ಸಣ್ಣ ದನಿಯಲ್ಲಿ ಅದೇ 8ಡಿ ಹಾಡನ್ನು ಹೆಡ್‌ಫೋನಿನಲ್ಲಿ ಕೇಳಿ. ಎರಡೂ ಕಿವಿಗೆ ಒಂದೇ ಸದ್ದು ಹೋಗುತ್ತದೆ, ಸುತ್ತುವುದು ನಿಲ್ಲುತ್ತದೆ. ಬಳಿಕ ‘ಪ್ರೇಮಲೋಕ’ದ ಮೂಲ ಹಾಡೊಂದನ್ನು ಹಾಗೆಯೇ ಮೋನೋದಲ್ಲಿ ಹಾಕಿ ನೋಡಿ, ಅದರ ಗತ್ತು ಎಷ್ಟು ಉಳಿಯುತ್ತದೆ ಅಂತ. ಮುಗಿದ ಮೇಲೆ ಸೆಟ್ಟಿಂಗನ್ನು ಮರಳಿ ಆಫ್ ಮಾಡಲು ಮರೆಯಬೇಡಿ, ನಾವು ಮರೆತು ಎರಡು ದಿನ ಫೋನ್ ಕೆಟ್ಟಿದೆ ಅಂದುಕೊಂಡಿದ್ದೆವು.

ಮಮದಾಪುರದ ಓದುಗರು ಮೊನ್ನೆ ಮತ್ತೆ ಬರೆದಿದ್ದರು. ತಮ್ಮನ ಫೋನಿನಲ್ಲಿ ಮೋನೋ ಹಾಕಿ ತೋರಿಸಿದರಂತೆ. “ಹಾಡಾಂವ ತಿರಗೂದು ಬಿಟ್ಟು ಒಂದ ಕಡೆ ನಿಂತಾನ್ರೀ” ಎಂದಿದ್ದಾರೆ. ಸೋಮವಾರ ಗೋಕಾಕಕ್ಕೆ ಕಿವಿ ತೋರಿಸಲು ಕರೆದುಕೊಂಡು ಹೋಗುತ್ತಾರಂತೆ.