ಗೊಬ್ಬರ ಹೊರುವ ಪಿಕಪ್ಪಿನ ಬ್ರೇಕ್ ಪೈಪು

ಬೇಸಾಯ ಶಾಸ್ತ್ರದವರಿಗೆ ವಾಹನದ ಬ್ರೇಕಿನ ಗೊಡವೆ ಏಕೆ ಎಂದು ರೈತ ಬಾಂಧವರು ಕೇಳಬಹುದು. ಹಳೆಯ ಪಿಕಪ್ಪುಗಳ ಬ್ರೇಕ್ ಪೈಪನ್ನು ತಿನ್ನುವ ವಸ್ತುಗಳಲ್ಲಿ ನಾವೇ ಶಿಫಾರಸು ಮಾಡುವ ಗೊಬ್ಬರವೂ ಒಂದು. ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ ನೂರಕ್ಕೆ ಸುಮಾರು 47 ಭಾಗ ಕ್ಲೋರೈಡ್ ಇರುತ್ತದೆ. ಚೀಲದಿಂದ ಉದುರಿದ ಪುಡಿ ತೊಟ್ಟಿಯ ಸಂದಿಗಳಿಂದ ಇಳಿದು, ಚಾಸಿಯ ಮೇಲಿನ ಕೆಸರಿನೊಡನೆ ಕೂಡಿ, ಮಳೆ ಇಬ್ಬನಿಗಳ ತೇವದಿಂದ ಉಪ್ಪುನೀರಾಗುತ್ತದೆ. ಉಕ್ಕಿನ ಪೈಪು ಇದನ್ನು ಬಹುಕಾಲ ತಾಳಲಾರದು.

ತುಕ್ಕು ಹೆಚ್ಚಾಗಿ ಹಿಡಿಯುವುದು ಪೈಪನ್ನು ಚಾಸಿಗೆ ಬಿಗಿದಿರುವ ಕ್ಲಿಪ್ಪುಗಳ ಅಡಿಯಲ್ಲಿ ಮತ್ತು ಹಿಂದಿನ ಆಕ್ಸಲ್ ಮೇಲೆ. ಹೊರಗೆ ಕಾಣುವ ಭಾಗ ನೆಟ್ಟಗಿದೆಯೆಂದು ನಂಬಕೂಡದು. ಕ್ಲಿಪ್ಪು ಬಿಚ್ಚಿ ನೋಡಬೇಕು. ಖಾಲಿ ಗಾಡಿಯಲ್ಲಿ ಮೆಲ್ಲಗೆ ಒತ್ತಿದಾಗ ತಡೆದುಕೊಂಡ ಪೈಪು, ಹೊರೆ ತುಂಬಿ ಚಾರ್ಮಾಡಿಯಂಥ ಘಾಟಿಯಲ್ಲಿ ಬಲವಾಗಿ ಒತ್ತಿದಾಗ ಒಡೆಯಬಹುದು. ಬ್ರೇಕಿನ ವ್ಯವಸ್ಥೆ ಎರಡು ಭಾಗವಾಗಿಲ್ಲದ ಬಹಳ ಹಳೆಯ ವಾಹನವಾದರೆ ನಾಲ್ಕು ಚಕ್ರಗಳ ಬ್ರೇಕೂ ಒಟ್ಟಿಗೆ ಹೋದಂತೆಯೇ.

ಹಾಳಾದ ಪೈಪನ್ನು ಇಡಿಯಾಗಿ ಬದಲಿಸತಕ್ಕದ್ದು. ತೂತಾದ ಕಡೆ ಕತ್ತರಿಸಿ ರಬ್ಬರ್ ಕೊಳವೆ ತೊಡಿಸುವುದು, ಬೆಸುಗೆ ಹಾಕಿಸುವುದು ಪ್ರಾಣಕ್ಕೆ ಅಪಾಯ. ತಾಮ್ರದ ಪೈಪು ಬಗ್ಗಿಸಲು ಸುಲಭವೆಂದು ಕೆಲವರು ಹಾಕುವುದುಂಟು. ಅದು ವಾಹನದ ನಡುಕಕ್ಕೆ ಗಡುಸಾಗಿ ಬಿರಿಯುತ್ತದೆ. ಬ್ರೇಕಿಗೆಂದೇ ತಯಾರಾದ ಎರಡು ಪದರದ ಉಕ್ಕಿನ ಪೈಪನ್ನಾಗಲಿ, ತಾಮ್ರ-ನಿಕಲ್ ಮಿಶ್ರಲೋಹದ ಪೈಪನ್ನಾಗಲಿ ಕೊಳ್ಳುವುದು. ಎರಡನೆಯದಕ್ಕೆ ತುಕ್ಕಿನ ಭಯವಿಲ್ಲ. ಪೈಪಿನ ತುದಿಯನ್ನು ಹಳೆಯದರ ಆಕಾರಕ್ಕೇ ಸರಿಯಾಗಿ ಅರಳಿಸಿರಬೇಕು. ಈ ಕೆಲಸವನ್ನು ಉಪಕರಣವಿರುವ ಮೆಕ್ಯಾನಿಕರಿಂದಲೇ ಮಾಡಿಸಿರಿ. ಬಿರುಕು ಬಿಟ್ಟ ರಬ್ಬರ್ ಹೋಸುಗಳನ್ನೂ ಆಗಲೇ ಬದಲಿಸಿದರೆ ಖರ್ಚು ಉಳಿಯುತ್ತದೆ.

ಬ್ರೇಕ್ ಆಯಿಲ್ ಎನ್ನುತ್ತೇವಾದರೂ ಅದು ಎಣ್ಣೆಯಲ್ಲ. ಎಂಜಿನ್ ಆಯಿಲ್ ಸುರಿದರೆ ಸಿಲಿಂಡರಿನ ರಬ್ಬರುಗಳು ಉಬ್ಬಿ ಬ್ರೇಕ್ ಕೆಡುತ್ತದೆ. ಅದು ಗಾಳಿಯ ತೇವವನ್ನೂ ಹೀರುತ್ತದೆ. ಡಾಟ್ 3 ದರ್ಜೆಯದು ಹೊಸದಿದ್ದಾಗ ಕಡಿಮೆಯೆಂದರೂ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದೆಂಬ ನಿಯಮವಿದೆ. ನೀರು ಸೇರಿದ ಮೇಲೆ ಈ ಮಿತಿ 140ಕ್ಕೆ ಇಳಿಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಕಾದು ಅದು ಕುದಿದರೆ ಪೆಡಲು ಒತ್ತಿದರೂ ಗಾಡಿ ನಿಲ್ಲದು. ಆದುದರಿಂದ ತೆಗೆದದ್ದನ್ನು ಮತ್ತೆ ಹಾಕದೆ ಸೀಲು ಒಡೆಯದ ಡಬ್ಬಿಯದನ್ನೇ ತುಂಬಿಸಿರಿ.

ಕೊನೆಗೆ ಪೈಪಿನೊಳಗಿನ ಗಾಳಿಯನ್ನು ತೆಗೆಯಬೇಕು. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ತೊಡಗುವುದು ವಾಡಿಕೆ. ನಮ್ಮ ಬಲಗೈ ಸ್ಟೀರಿಂಗಿನ ಗಾಡಿಗಳಲ್ಲಿ ಅದು ಹಿಂದಿನ ಎಡಚಕ್ರ. ವಾಹನದ ಕೈಪಿಡಿ ಬೇರೆ ಕ್ರಮ ಹೇಳಿದ್ದರೆ ಅದರಂತೆ ನಡೆಯಿರಿ. ಆಮೇಲೆ ಎಂಜಿನ್ ಚಾಲೂ ಮಾಡಿ ಪೆಡಲನ್ನು ಒಂದು ನಿಮಿಷ ಬಲವಾಗಿ ಒತ್ತಿ ಹಿಡಿದಿರಬೇಕು. ಅದು ಮೆಲ್ಲಗೆ ಇಳಿಯುತ್ತ ಹೋದರೆ ಎಲ್ಲೋ ಸೋರಿಕೆ ಇದೆ, ಗಾಡಿಯನ್ನು ರಸ್ತೆಗೆ ತರಬೇಡಿ. ಎಲ್ಲವೂ ಸರಿಯಿದ್ದರೆ ಮೊದಲು ಖಾಲಿ ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಧಾನವಾಗಿ ಓಡಿಸಿ ನೋಡಿ. ಇನ್ನು ಮುಂದೆ ಗೊಬ್ಬರ ಇಳಿಸಿದ ದಿನವೇ ಗಾಡಿಯ ತಳಕ್ಕೆ, ಮುಖ್ಯವಾಗಿ ಕ್ಲಿಪ್ಪುಗಳ ಬಳಿ, ಧಾರಾಳ ನೀರು ಹೊಡೆದು ತೊಳೆಯಿರಿ.